ಸೋದರಮಾವನ ಬೆನ್ನು

ಮನುಷ್ಯನ ಮೈಯಲ್ಲಿ ಅವನ ಸ್ವಂತ ಕೈಗೇ ಎಟುಕದ ಜಾಗವೊಂದಿದೆ. ಎರಡು ಹೆಗಲ ಮೂಳೆಗಳ ನಡುವೆ, ಕತ್ತಿನಿಂದ ಒಂದು ಗೇಣು ಕೆಳಗೆ. ಮೇಲಿನಿಂದ ಕೈ ಹಾಕಿದರೆ ಅದು ಸ್ವಲ್ಪ ಕೆಳಗಿರುತ್ತದೆ, ಕೆಳಗಿನಿಂದ ಹಾಕಿದರೆ ಸ್ವಲ್ಪ ಮೇಲಿರುತ್ತದೆ. ಉಳಿದ ಮೈಯನ್ನೆಲ್ಲ ಅಷ್ಟು ಮುತುವರ್ಜಿಯಿಂದ ಮಾಡಿದ ದೇವರು ಈ ಒಂದು ಜಾಗವನ್ನು ಮಾತ್ರ ಯಾಕೆ ಹೀಗೆ ಬಿಟ್ಟ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಯೋಚಿಸಲು ಕಾರಣವೂ ಇದೆ. ನನಗೆ ನೋವು ಬರುವುದು ಸರಿಯಾಗಿ ಅಲ್ಲಿಯೇ.

ಇದು ಮರ್ಯಾದೆಯಿಲ್ಲದ ನೋವು. ಜ್ವರ ಬಂದವನನ್ನು ಮಲಗಿಸಿ ಗಂಜಿ ಕೊಡುತ್ತಾರೆ. ಕಾಲು ಮುರಿದವನನ್ನು ನೋಡಲು ಕಿತ್ತಳೆ ಹಣ್ಣು ತರುತ್ತಾರೆ. ಬೆನ್ನು ನೋವು ಎಂದರೆ ಮಾತ್ರ ಎದುರಿಗಿದ್ದವರು "ಅಯ್ಯೋ, ನಂಗೂ ಇದೆ" ಎಂದು ತಮ್ಮದನ್ನು ಶುರು ಮಾಡುತ್ತಾರೆ. ಅವರದು ಮುಗಿಯುವ ಹೊತ್ತಿಗೆ ನಮ್ಮ ಬಸ್ಸು ಬಂದಿರುತ್ತದೆ.

ನೋವು ಎಲ್ಲಿಂದ ಬಂತು ಎಂಬುದರಲ್ಲಿ ಗುಟ್ಟೇನಿಲ್ಲ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವನು. ಆಗ ಊರು ದಕ್ಷಿಣಕ್ಕೆ ಬೆಳೆಯುತ್ತಿತ್ತು. ಊರು ನೆಲದ ಮೇಲೆ ಬೆಳೆಯುವ ಮೊದಲು ಕಾಗದದ ಮೇಲೆ ಬೆಳೆಯಬೇಕು, ಕಾಗದದ ಮೇಲೆ ಬೆಳೆಯಬೇಕಾದರೆ ಒಬ್ಬನು ನಕ್ಷೆಯ ಹಲಗೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಬಗ್ಗಿರಬೇಕು. ಜಯನಗರದ ರಸ್ತೆಗಳು ಎಷ್ಟು ನೆಟ್ಟಗಿವೆ ಎಂದು ಜನ ಹೊಗಳುತ್ತಾರೆ. ಅವನ್ನು ನೆಟ್ಟಗೆ ಎಳೆದವನ ಬೆನ್ನು ಸೊಟ್ಟಗಾದದ್ದನ್ನು ಯಾರೂ ಕೇಳಲಿಲ್ಲ. ನಾನೂ ಅದನ್ನು ದೊಡ್ಡದು ಮಾಡದೆ, ಎಲ್ಲರ ಹಾಗೆ ಅಮೃತಾಂಜನ ಹಚ್ಚಿಕೊಂಡು ಕಾಲ ಹಾಕುತ್ತಿದ್ದೆ. ಅದು ದೊಡ್ಡದಾದದ್ದು ನಮ್ಮ ಪದ್ಮಳ ಮದುವೆ ನಿಶ್ಚಯವಾದಾಗ.

ಪದ್ಮ ನಮ್ಮಕ್ಕನ ಮಗಳು. ಅಕ್ಕನ ಮನೆ ಬಸವನಗುಡಿಯಲ್ಲಿ. ಅಕ್ಕನ ಕಡೆ ಒಂದು ಕಟ್ಟಳೆಯಿದೆ. ಮದುವೆಯ ದಿನ ಗೌರಿಪೂಜೆ ಮುಗಿಸಿ ಹಸೆಯಿಂದ ಎದ್ದ ಹೆಣ್ಣಿನ ಕಾಲು ಧಾರೆಯ ಮಂಟಪದವರೆಗೆ ನೆಲಕ್ಕೆ ತಾಗಕೂಡದು, ಸೋದರಮಾವ ಎತ್ತಿಕೊಂಡು ಹೋಗಬೇಕು. ಉಳಿದ ಮನೆಗಳಲ್ಲಿ ಕೈ ಹಿಡಿದು ನಡೆಸಿಕೊಂಡು ಹೋದರೆ ಸಾಕು ಎಂದು ಯಾವತ್ತೋ ಬಿಟ್ಟಿದ್ದಾರೆ. ಹಾಲುಹಲ್ಲು ಬೀಳುವ ವಯಸ್ಸಿಗೇ ಹೆಣ್ಣುಮಕ್ಕಳ ಮದುವೆಯಾಗುತ್ತಿದ್ದ ಕಾಲದಲ್ಲಿ ಮಾಡಿದ ಕಟ್ಟಳೆಯದು. ಆಗ ಅದು ಯಾವ ಮಾವನಿಗೂ ಭಾರವಾಗಿರಲಿಲ್ಲ. ಬಿ.ಎಸ್‌ಸಿ. ಮುಗಿಸಿದ ಹೆಣ್ಣಿಗೂ ಅದೇ ಕಟ್ಟಳೆ ಎಂದರೆ ಹೇಗೆ? ಆದರೆ ಅಕ್ಕನ ಹತ್ತಿರ ಅಂಥ ಮಾತು ನಡೆಯುವುದಿಲ್ಲ.

ಹೇಳಬೇಕೆಂದರೆ, ನನಗೂ ಆ ಮಾತು ಬೇಕಿರಲಿಲ್ಲ. ನಮಗೆ ಮಕ್ಕಳಿಲ್ಲ. ಪದ್ಮ ನನ್ನ ಹೆಗಲ ಮೇಲೆ ಬೆಳೆದವಳು. ಮದುವೆಮನೆಯಲ್ಲಿ ಹೆಣ್ಣಿನ ಅಪ್ಪನಿಗೆ ಹತ್ತು ಕೆಲಸ, ಅಮ್ಮನಿಗೆ ನೂರು ಕೆಲಸ, ಸೋದರಮಾವನಿಗೆ ಇದೊಂದೇ. ಅದೊಂದನ್ನು ಬಿಟ್ಟುಕೊಡುವುದೆಂದರೆ ನನ್ನ ಮನಸ್ಸಿಗೆ ಆಗದ ಮಾತಾಗಿತ್ತು. ಸಾಲದ್ದಕ್ಕೆ, ನಾನು ಬಿಟ್ಟರೆ ಹಿಡಿದುಕೊಳ್ಳಲು ಒಬ್ಬ ತಯಾರಾಗಿಯೇ ಇದ್ದ. ಕೋಲಾರದಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಶ್ರೀಕಂಠು. ಒನಕೆಯಂಥ ತೋಳುಗಳ ಆಸಾಮಿ. ನಿಶ್ಚಿತಾರ್ಥದ ಊಟದಲ್ಲಿ ನಾನು ಪಾಯಸದ ಲೋಟ ತೆಗೆದುಕೊಳ್ಳಲು ಕೈ ಚಾಚಿ "ಹಾ" ಎಂದದ್ದೇ ತಡ, ಅವನು ಪಂಕ್ತಿಯ ಆ ತುದಿಯಿಂದ ಕೂಗಿದ: "ಶೀನು, ಯೋಚ್ನೆ ಮಾಡ್ಬೇಡ ಕಣೋ. ನಿನ್ ಕೈಲಿ ಆಗ್ದೇ ಇದ್ರೆ ನಾನಿದೀನಿ!" ಅವತ್ತಿನ ಪಾಯಸ ನನಗೆ ರುಚಿಸಲಿಲ್ಲ.

ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದೆ. ಅವರು ಬೆನ್ನನ್ನು ಅಲ್ಲಲ್ಲಿ ತಟ್ಟಿ, ಹಲಸಿನಹಣ್ಣು ಕೊಳ್ಳುವವರಂತೆ ಕಿವಿಗೊಟ್ಟು, "ಎಕ್ಸರ್‌ಸೈಜ್ ಮಾಡಿ. ಇಲ್ಲಾ, ಯಾರ ಕೈಲಾದ್ರೂ ಮಸಾಜ್ ಮಾಡಿಸ್ಕೊಳ್ಳಿ. ಯಾವುದು ಹಿಡಿಸುತ್ತೋ ಅದು" ಎಂದರು. ಈ "ಯಾವುದು ಹಿಡಿಸುತ್ತೋ ಅದು" ಎಂಬ ಮಾತು ನಮ್ಮ ಸಂಸಾರವನ್ನು ಎರಡು ಪಾರ್ಟಿ ಮಾಡಿತು. ಯಾವುದು ಹಿಡಿಸುತ್ತದೆಂದು ನನ್ನನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತಿತ್ತು.

ವ್ಯಾಯಾಮದ ಪಾರ್ಟಿಯ ಮುಖಂಡರು ನಮ್ಮ ಭಾವ, ಎಂದರೆ ಪದ್ಮಳ ಅಪ್ಪ. ಅವರು ಡ್ರಿಲ್ ಮೇಷ್ಟ್ರಾಗಿದ್ದು ಆಗಷ್ಟೇ ರಿಟೈರ್ ಆಗಿದ್ದರು. ಶಾಲೆ ಅವರನ್ನು ಬಿಟ್ಟಿತ್ತು, ಅವರು ಸೀಟಿಯನ್ನು ಬಿಟ್ಟಿರಲಿಲ್ಲ. ಡ್ರಿಲ್ ಮಾಡಿಸಲು ಒಬ್ಬ ಮನುಷ್ಯ ಸಿಗಲೆಂದು ಅವರು ಕಾದಿದ್ದರೋ ಏನೋ. ದಿನಾ ಬೆಳಗ್ಗೆ ಸೈಕಲ್ ತುಳಿದುಕೊಂಡು ಜಯನಗರಕ್ಕೆ ಬಂದು, ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನನ್ನನ್ನು ನಿಲ್ಲಿಸಿ ಸೀಟಿ ಊದುತ್ತಿದ್ದರು. ಕೈ ಮೇಲಕ್ಕೆ, ಕೈ ಪಕ್ಕಕ್ಕೆ, ಕೈ ಮುಂದಕ್ಕೆ. ಆಮೇಲೆ ಕಾಂಪೌಂಡ್ ಗೋಡೆಗೆ ಬೆನ್ನು ಅಂಟಿಸಿ ನಿಲ್ಲುವುದು. ಹೆಗಲಿನ ಎರಡು ಮೂಳೆಗಳೂ ಗೋಡೆಗೆ ತಾಗಬೇಕಂತೆ. ನನ್ನವು ಒಂದಾದ ಮೇಲೊಂದು ತಾಗುತ್ತಿದ್ದವು, ಒಟ್ಟಿಗೆ ತಾಗುತ್ತಿರಲಿಲ್ಲ. ಆಗ ನಮ್ಮ ರಸ್ತೆಯಲ್ಲಿ ಮನೆಗಳು ಕಡಿಮೆ, ನೋಡುವವರು ಹೆಚ್ಚಿಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಸೀಟಿಗೆ ದೂರದೂರದ ನಾಯಿಗಳೆಲ್ಲ ಬಂದು ಸಾಲಾಗಿ ಕೂರುತ್ತಿದ್ದವು. ಭಾವ ಅವುಗಳ ಶಿಸ್ತನ್ನು ನನಗೆ ತೋರಿಸುತ್ತಿದ್ದರು.

ಕೈಯೆತ್ತುವುದರಿಂದಲೇ ಹೆಣ್ಣನ್ನು ಎತ್ತಲಾಗುವುದಿಲ್ಲವಲ್ಲ. ಅದಕ್ಕೆಂದು ಭಾವ ಒಂದು ರಾಗಿಮೂಟೆ ತರಿಸಿದರು. ಮೊದಲ ವಾರ ಅದರಲ್ಲಿ ತಳದಲ್ಲಷ್ಟೇ ರಾಗಿ. ಆಮೇಲೆ ದಿನಕ್ಕಿಷ್ಟು ಸೇರು ಹಾಕುತ್ತ ಹೋಗಿ ಮದುವೆಯ ಹೊತ್ತಿಗೆ ಮೂಟೆ ಪದ್ಮಳಷ್ಟು ಆಗಬೇಕೆಂದು ಅವರ ಲೆಕ್ಕ. ಪದ್ಮ ಎಷ್ಟು ಭಾರವಿದ್ದಾಳೆಂದು ತಿಳಿಯಲು ಅವಳನ್ನು ಸೌದೆ ಡಿಪೋದ ತಕ್ಕಡಿಯಲ್ಲಿ ತೂಗೋಣವೆಂದು ಅವರೊಮ್ಮೆ ಹೇಳಿನೋಡಿದರು. ಅಕ್ಕ ಅವರ ಜೊತೆ ಎರಡು ದಿನ ಮಾತಾಡಲಿಲ್ಲ. ಆದ್ದರಿಂದ ಅಂದಾಜಿನ ಮೇಲೆಯೇ ಸುರಿದರು. ಮೂಟೆ ಜಾರದಿರಲೆಂದು ಅದಕ್ಕೆ ಹಳೆಯ ಸೀರೆ ಸುತ್ತಿ, ನಾನು ಸಾಯಂಕಾಲ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಅದನ್ನು ಎದೆಗಪ್ಪಿಕೊಂಡು ನಡೆಯುತ್ತಿದ್ದೆ. ನನ್ನ ಹೆಂಡತಿ ಕಮಲ ಅಡುಗೆಮನೆಯ ಬಾಗಿಲಲ್ಲಿ ನಿಂತು, "ರೀ, ಅವಳಿಗೂ ಸ್ವಲ್ಪ ಕುಂಕುಮ ಇಡ್ಲಾ?" ಎಂದು ಕೇಳುತ್ತಿದ್ದಳು.

ಒಂದು ದಿನ ನಾನು ಹೀಗೆ ಮೂಟೆಯ ಮೆರವಣಿಗೆಯಲ್ಲಿದ್ದಾಗ ಪದ್ಮ ಬಂದಳು. ಬಾಗಿಲಲ್ಲಿ ನಿಂತು ನೋಡಿ, ನಕ್ಕು ನಕ್ಕು ಅಲ್ಲೇ ಹೊಸ್ತಿಲ ಪಕ್ಕ ಕೂತುಬಿಟ್ಟಳು. ನಗು ನಿಂತ ಮೇಲೆ ನನ್ನ ಮುಖ ನೋಡಿದಳು. ನಾನು ಹಲ್ಲು ಕಚ್ಚಿಕೊಂಡಿದ್ದೆ.

"ಮಾಮ, ಇಷ್ಟೆಲ್ಲ ಯಾಕೆ? ನಾನು ನಡ್ಕೊಂಡ್ ಬರ್ತೀನಿ ಅಂತ ಅಮ್ಮಂಗೆ ಹೇಳ್ತೀನಿ."

"ಹೇಳು ನೋಡೋಣ. ಶ್ರೀಕಂಠೂನ ನಾಳೇನೇ ಬಸ್ ಹತ್ತಿಸಿ ಕರೆಸ್ತಾಳೆ."

"ಹಾಗಾದ್ರೆ ನಾನು ಇವತ್ತಿಂದ ಊಟ ಕಮ್ಮಿ ಮಾಡ್ತೀನಿ" ಎಂದಳು. ಮಾಡಿಯೂ ಮಾಡಿದಳು. ಮದುವೆಯ ಹೆಣ್ಣು ಸೊರಗಬಾರದೆಂದು ಅಕ್ಕ ಅವಳಿಗೆ ಬೆಣ್ಣೆ ತಿನ್ನಿಸತೊಡಗಿದಳು. ಒಟ್ಟಿನಲ್ಲಿ ಅವಳ ತೂಕ ಇದ್ದಲ್ಲೇ ಇತ್ತು, ರಾಗಿ ಮಾತ್ರ ಏರುತ್ತಿತ್ತು.

ಇನ್ನೊಂದು ಪಾರ್ಟಿ ಕಮಲಳದು. "ನೋವಿರೋ ಬೆನ್ನಿಗೆ ಮೂಟೆ ಹೊರಿಸ್ತಾರಾ ಯಾರಾದ್ರೂ? ತೀಡಿಸ್ಬೇಕು, ಬಿಸಿನೀರು ಹಾಕ್ಬೇಕು" ಎಂಬುದು ಅವಳ ಸಿದ್ಧಾಂತ. ನಮಗೆ ಹಾಲು ಕೊಡುತ್ತಿದ್ದ ಜರಗನಹಳ್ಳಿಯ ಹೆಂಗಸಿನಿಂದ ಅವಳು ಪೈಲ್ವಾನ್ ಪಿಳ್ಳಪ್ಪನವರ ಹೆಸರು ತಿಳಿದುಕೊಂಡಳು. ಪಿಳ್ಳಪ್ಪನವರು ಆ ಊರಿನ ದೊಡ್ಡ ಕುಳ. ಹೊಲ, ತೋಟ, ಎರಡು ಜೊತೆ ಎತ್ತು. ವಯಸ್ಸಿನಲ್ಲಿ ಕುಸ್ತಿ ಮಾಡಿದವರು, ಈಗ ಉಳುಕು ತೆಗೆಯುವುದು ಅವರ ಶೋಕಿ. ಕಾಸು ಮುಟ್ಟುವುದಿಲ್ಲ, ಹೊಗಳಿಕೆ ಮಾತ್ರ ಧಾರಾಳವಾಗಿ ಬೇಕು. ಬಂದ ದಿನವೇ ನಮ್ಮ ಹಾಲಿನಲ್ಲಿ ಚಾಪೆ ಹಾಕಿಸಿ ನನ್ನನ್ನು ಬೋರಲು ಮಲಗಿಸಿ, ಅಂಗೈಯಲ್ಲಿ ಹರಳೆಣ್ಣೆ ಸುರಿದುಕೊಂಡು, ಹೆಬ್ಬೆಟ್ಟನ್ನು ನೇರವಾಗಿ ಆ ಜಾಗಕ್ಕೇ ಇಟ್ಟರು.

"ಸಾಮಿ, ಇಲ್ಲೊಂದು ಗಂಟೈತೆ. ಇದು ಬಿಚ್ಕೊಳ್ಳೋಗಂಟ ನೀವ್ ಏನ್ ಮಾಡಿದ್ರೂ ಅಷ್ಟೇಯ."

ನನ್ನ ಕೈಗೇ ಸಿಗದಿದ್ದ ಜಾಗಕ್ಕೆ ಇನ್ನೊಬ್ಬರ ಕೈ ತಲುಪಿದಾಗ ಆಗುವ ಸುಖವನ್ನು ನಾನು ಸುಳ್ಳೆನ್ನಲಾರೆ. ಸಮುದ್ರ ಕಡೆಯುವಾಗ ಮಂದರ ಪರ್ವತವನ್ನು ಹೊತ್ತು ಮಲಗಿದ ಆಮೆಗೆ, ಬೆಟ್ಟ ಗರಗರ ತಿರುಗುವುದು ಬೆನ್ನು ಕೆರೆದಂತೆ ಹಿತವಾಗಿತ್ತೆಂದು ಪುರಾಣ ಹೇಳುವವರು ಹೇಳುತ್ತಾರೆ. ಮೇಲೆ ದೇವತೆಗಳೂ ಅಸುರರೂ ಅಮೃತಕ್ಕಾಗಿ ಒದ್ದಾಡುತ್ತಿದ್ದಾಗ ಕೆಳಗೊಬ್ಬರು ಕಣ್ಣುಮುಚ್ಚಿ ಮಾಲೀಸು ಮಾಡಿಸಿಕೊಳ್ಳುತ್ತಿದ್ದರು. ಇಡೀ ಕಥೆಯಲ್ಲಿ ನಿಜವಾದ ಲಾಭ ಅವರಿಗೇ ಆದದ್ದೆಂದು ನನಗನ್ನಿಸುತ್ತದೆ. ಇದನ್ನು ಭಾವನ ಮುಂದೆ ಪ್ರಮಾಣವಾಗಿ ಇಟ್ಟೆ. ಅವರು ಸೀಟಿಯನ್ನು ಬಾಯಿಂದ ತೆಗೆದು, "ಅದಕ್ಕೆ ಚಿಪ್ಪಿತ್ತು, ನಿನಗೆ ಎಲ್ಲಿದೆ? ಕೈ ಮೇಲಕ್ಕೆ!" ಎಂದರು.

ಚಿಪ್ಪಿಲ್ಲದ್ದರ ಕಷ್ಟ ನನಗೆ ಎರಡನೆಯ ದಿನ ತಿಳಿಯಿತು. ಅಷ್ಟು ಹೊತ್ತಿಗೆ ಪಿಳ್ಳಪ್ಪನವರಿಗೆ ನನ್ನ ಕೆಲಸವೇನೆಂದು ಗೊತ್ತಾಗಿತ್ತು.

"ಅಂದಂಗೆ ಸಾಮಿ, ಆ ನಿಮ್ ನಕ್ಷೆ ಸಾರಕ್ಕಿ ಊರು ದಾಟ್ತದಾ?"

"ಗೊತ್ತಿಲ್ಲ ಪಿಳ್ಳಪ್ಪನೋರೇ. ಮೇಲಿನೋರು ಹೇಳಿದಷ್ಟು ಬರೀತೀವಿ."

ಹೆಬ್ಬೆಟ್ಟು ಒಂದು ನೂಲು ಒಳಗಿಳಿಯಿತು. "ಜರಗನಳ್ಳಿಗೂ ಬತ್ತದೆ ಅಂತಾರಲ್ಲಾ, ನಮ್ ಹೊಲ್ದಾಗೆ ರಸ್ತೆ ಹೋಯ್ತದಂತೆ?"

"ಇರಬಹುದೇನೋ… ಅಯ್ಯೋ! ಇಲ್ಲ, ಇಲ್ಲ, ಬರಲ್ಲ!"

ಹೆಬ್ಬೆಟ್ಟು ಸಡಿಲವಾಯಿತು. ಪಿಳ್ಳಪ್ಪನವರು ನನ್ನನ್ನು ಹಿಂಸೆ ಮಾಡಲು ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಹೊಲದ ಚಿಂತೆ ಬಂದಾಗ ಕೈ ತಾನಾಗಿ ಬಿಗಿಯುತ್ತಿತ್ತು, ಅಷ್ಟೇ. ಅಪ್ಪ ತಾತ ಉತ್ತ ನೆಲ, ಯಾರಿಗಾದರೂ ಬಿಗಿಯುತ್ತದೆ. ಆದರೆ ಬಿಗಿಯುತ್ತಿದ್ದದ್ದು ನನ್ನ ಬೆನ್ನಿನ ಮೇಲೆ. ಎರಡು ವಾರ ಕಳೆಯುವುದರೊಳಗೆ ನಾನು ಜರಗನಹಳ್ಳಿ, ಪುಟ್ಟೇನಹಳ್ಳಿ, ಕೇಳಿದ್ದಕ್ಕೆ ಹುಳಿಮಾವನ್ನೂ ಸೇರಿಸಿ, ಎಲ್ಲವನ್ನೂ ಬಡಾವಣೆಯಿಂದ ಬಿಟ್ಟುಕೊಟ್ಟಿದ್ದೆ. ಈ ಸಂಗತಿ ಇವತ್ತಿಗೂ ಸರ್ಕಾರಕ್ಕೆ ತಿಳಿಯದು.

ಬೆಳಗ್ಗೆ ಸೀಟಿ, ಸಂಜೆ ಹೆಬ್ಬೆಟ್ಟು. ನೋವು ಒಂದು ದಿನ ಕಡಿಮೆಯಾದರೆ ಇಬ್ಬರೂ ಅದು ತನ್ನಿಂದ ಎನ್ನುತ್ತಿದ್ದರು. ಮಾರನೆಯ ದಿನ ಹೆಚ್ಚಾದರೆ ಇಬ್ಬರೂ ಅದು ಇನ್ನೊಬ್ಬನಿಂದ ಎನ್ನುತ್ತಿದ್ದರು. ನಾನು ಹೇಗಿದ್ದೇನೆಂದು ಕೇಳುವ ಅಭ್ಯಾಸ ಇಬ್ಬರಿಗೂ ತಪ್ಪಿಹೋಯಿತು. ಭಾವನ ಪ್ರಕಾರ ಇನ್ನೊಬ್ಬರಿಂದ ತೀಡಿಸಿಕೊಳ್ಳುವುದು ಸೋಮಾರಿತನ. ಪಿಳ್ಳಪ್ಪನವರ ಪ್ರಕಾರ ಬೆನ್ನು ಹಿಡಿದವನ ಕೈಯಲ್ಲಿ ಡ್ರಿಲ್ ಮಾಡಿಸುವುದು, ಅಚ್ಚು ಮುರಿದ ಗಾಡಿಗೆ ಎತ್ತು ಕಟ್ಟಿದ ಹಾಗೆ.

ಇವೆರಡನ್ನೂ ಮೀರಿದ ಮೂರನೆಯ ಔಷಧವೊಂದು ನಮ್ಮವರಲ್ಲಿಯೇ ಇತ್ತು. ಪದ್ಮ ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅವತ್ತು ಅಕ್ಕ ಪಟ್ಟ ಪಾಡು, ಹೈಸ್ಕೂಲಿನಲ್ಲಿದ್ದ ನಾನು ಬಾಗಿಲಾಚೆ ನಿಂತು ಅತ್ತದ್ದು ಎಲ್ಲ ನೆನಪಿದೆ. ಹಾಗೆ ಹುಟ್ಟಿದವರ ಕಾಲು ತಾಗಿದರೆ ಬೆನ್ನಿನ ಉಳುಕು ಹೋಗುತ್ತದೆಂದು ನಮ್ಮ ಕಡೆಯ ನಂಬಿಕೆ. ಅವಳು ನಡೆಯಲು ಕಲಿತದ್ದೇ ತಡ, ಬಸವನಗುಡಿಯ ಅರ್ಧ ಬೆನ್ನುಗಳು ಬೆಳಗ್ಗೆ ಅಕ್ಕನ ಮನೆಯ ಜಗಲಿಯ ಮೇಲೆ ಬೋರಲಾಗಿರುತ್ತಿದ್ದವು. ಪುಟ್ಟ ಪಾದದಿಂದ ಮೇಲಿಂದ ಕೆಳಕ್ಕೆ ಒಮ್ಮೆ ನೀವಿ, ಒಂದು ಪೆಪ್ಪರ್‌ಮಿಂಟು ಇಸಿದುಕೊಳ್ಳುತ್ತಿದ್ದಳು. ಬಲು ಬೇಗ ವ್ಯವಹಾರ ಕಲಿತಳು. ಪೆಪ್ಪರ್‌ಮಿಂಟು ಮೊದಲು ಜಗಲಿಯ ಮೇಲೆ ಇಡಬೇಕು, ಆಮೇಲೆ ಕಾಲು. ಸೋದರಮಾವನಿಗೂ ವಿನಾಯಿತಿ ಇರಲಿಲ್ಲ. ಪರೀಕ್ಷೆಗೆ ಓದಿ ಓದಿ ಬೆನ್ನು ಹಿಡಿದಾಗಲೆಲ್ಲ ನಾನು ಆ ಸಾಲಿನಲ್ಲಿ ಮಲಗಿದವನೇ. ಹೈಸ್ಕೂಲಿಗೆ ಬಂದ ಮೇಲೆ ಅವಳು "ನಾನೇನು ಆಸ್ಪತ್ರೆನಾ?" ಎಂದು ಅಂಗಡಿ ಮುಚ್ಚಿದಳು.

ಮದುವೆ ಹತ್ತಿರ ಬಂದಾಗ ಕಮಲ ಈ ಮಾತೆತ್ತಿದಳು. ಅಕ್ಕ ಕಿವಿ ಮುಚ್ಚಿಕೊಂಡಳು. ಬಳೆ ತೊಡಿಸಿದ ಹೆಣ್ಣು ನಾಳೆ ನಮಸ್ಕಾರ ಮಾಡಬೇಕಾದ ಮಾವನ ಮೈಗೆ ಕಾಲು ತಗುಲಿಸುವುದೇ! ಪದ್ಮಳೂ ಒಪ್ಪಲಿಲ್ಲ. "ಮಾಮ, ನಾನು ಸೈನ್ಸ್ ಓದಿದೀನಿ. ಅದೆಲ್ಲ ಮೂಢನಂಬಿಕೆ. ಕಾಲು ಮುಂದಾಗಿ ಹುಟ್ಟಿದ್ರೆ ತೊಂದ್ರೆ ಆಗೋದು ಅಮ್ಮಂಗೆ, ಅನುಕೂಲ ಆಗೋದು ಯಾರಿಗೂ ಇಲ್ಲ" ಎಂದಳು. ಅವಳ ಮಾತು ಸರಿಯಾಗಿತ್ತು. ನನ್ನ ಬೆನ್ನು ಮಾತ್ರ ಸರಿಯಾಗಿರಲಿಲ್ಲ.

ಮದುವೆಯ ಹಿಂದಿನ ದಿನ ಛತ್ರದಲ್ಲಿ ನಾನು ಭಾವನನ್ನು ಹುಡುಕಿಕೊಂಡು ಉಗ್ರಾಣಕ್ಕೆ ಹೋದೆ. ಭಾವ ಅಕ್ಕಿಮೂಟೆಗಳ ಮೇಲೆ ಬೋರಲು ಮಲಗಿದ್ದರು. ಅತಿಥಿಯಾಗಿ ಬಂದಿದ್ದ ಪಿಳ್ಳಪ್ಪನವರು ಪಂಚೆ ಮೇಲಕ್ಕೆ ಕಟ್ಟಿ ಅವರ ಬೆನ್ನನ್ನು ತೀಡುತ್ತಿದ್ದರು. ಬೆಳಗ್ಗೆ ಕೂಲಿಯವನಿಗೆ ಮಾದರಿ ತೋರಿಸಲೆಂದು ಭಾವ ಸಕ್ಕರೆ ಮೂಟೆ ಎತ್ತಿದ್ದರಂತೆ. ನನ್ನನ್ನು ಕಂಡು ತಲೆಯೆತ್ತಿ, "ಇದು ಮಾಲೀಸಲ್ಲ ಕಣೋ ಶೀನು. ಈತ ನಿನಗೆ ಏನ್ ಮಾಡ್ತಿದ್ದಾನೆ ಅಂತ ಪರೀಕ್ಷೆ ಮಾಡ್ತಿದೀನಿ" ಎಂದರು. ಪಿಳ್ಳಪ್ಪನವರು ನನಗೆ ಕಣ್ಣು ಹೊಡೆದರು.

ಮುಹೂರ್ತ ಬಂತು. ಪದ್ಮ ಧಾರೆ ಸೀರೆಯುಟ್ಟು, ಬಾಸಿಂಗ ಕಟ್ಟಿಕೊಂಡು ಗೌರಿಯ ಮುಂದಿನ ಹಸೆಯ ಮೇಲೆ ಕೂತಿದ್ದಳು. ಪುರೋಹಿತರು "ಸೋದರಮಾವ ಎಲ್ಲಿ?" ಎಂದು ಕೂಗಿದರು. ನಾನು ಮುಂದೆ ಬಂದೆ. ನನ್ನ ಹಿಂದೆಯೇ ಶ್ರೀಕಂಠು ರೇಷ್ಮೆ ಅಂಗಿಯ ತೋಳು ಮಡಿಸಿಕೊಂಡು ಬಂದು ನಿಂತ. ಓಲಗದವರು ಜೋರಾಗಿ ಬಾರಿಸತೊಡಗಿದರು. ನಾನು ಬಗ್ಗಿ, ಉಸಿರು ಬಿಗಿಹಿಡಿದು, ಎತ್ತಿದೆ.

ಎತ್ತಿದೆ! ನಿಜವಾಗಿ ಎತ್ತಿದೆ. ರಾಗಿಗೂ ಹೆಣ್ಣಿಗೂ ಇರುವ ವ್ಯತ್ಯಾಸವೇನೆಂದರೆ, ಹೆಣ್ಣು ತಾನೂ ಕತ್ತು ಹಿಡಿದುಕೊಳ್ಳುತ್ತದೆ. ನನ್ನ ಮುಂದೆ ಆರತಿ ಹಿಡಿದ ಹೆಂಗಸರು, ಎರಡೂ ಪಕ್ಕ ನೆಂಟರು, ದೂರದಲ್ಲಿ ಅಂತರಪಟ. ಕೆಲವು ಹೆಜ್ಜೆ ನಡೆದೆ. ಹಜಾರದ ನಡುವೆ ಬರುವಷ್ಟರಲ್ಲಿ ಆ ಜಾಗ, ದೇವರು ಬಿಟ್ಟ ಆ ಜಾಗ, ಚಕ್ಕೆಂದು ಹಿಡಿಯಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಕಣ್ಣಲ್ಲಿ ನೀರು ಬಂತು. ನೋಡಿದವರು ಸೋದರಮಾವನಿಗೆ ಎಷ್ಟು ಪ್ರೀತಿ ಎಂದುಕೊಂಡರು. ಶ್ರೀಕಂಠು ಎರಡೂ ಕೈ ಮುಂದೆ ಚಾಚಿ ಪಕ್ಕಕ್ಕೇ ಬಂದುಬಿಟ್ಟ.

ನನ್ನ ಕಿವಿಯ ಹತ್ತಿರ ಬಾಸಿಂಗದ ಜರಿ ಅಲುಗಾಡಿತು. "ಮಾಮ, ಹಿಡೀತಾ?"

"ಹೂಂ."

"ಕೈ ಬಿಡ್ಬೇಡ. ಹಾಗೇ ಇರು."

ಓಲಗದ ಗದ್ದಲದಲ್ಲಿ, ಧಾರೆ ಸೀರೆಯ ಅಷ್ಟೂ ನೆರಿಗೆಗಳ ಒಳಗೆ, ಅವಳು ಮೆಲ್ಲಗೆ ಕಾಲು ಕೆಳಗಿಟ್ಟಳು. ನನ್ನ ಕತ್ತಿನ ಸುತ್ತ ಇದ್ದ ಕೈ ತೆಗೆಯಲಿಲ್ಲ. ಮಂಡಿ ಬಗ್ಗಿಸಿಕೊಂಡು, ನಾನು ಹೊತ್ತಷ್ಟೇ ಎತ್ತರದಲ್ಲಿ ಇರುವಂತೆ ಕುಕ್ಕರಿಸಿ, ಹೆಗಲನ್ನು ನನ್ನ ತೋಳಿನಡಿ ಆನಿಸಿ, ಒಂದೊಂದೇ ಹೆಜ್ಜೆ ನಡೆದಳು. ನಾನು ಅವಳ ಮೇಲೆ ಭಾರ ಬಿಟ್ಟು ಬಗ್ಗಿಕೊಂಡೇ ಹೋದೆ. ಮಂಟಪದವರೆಗೆ ಅವತ್ತು ಒಬ್ಬರು ಇನ್ನೊಬ್ಬರನ್ನು ಹೊತ್ತುಕೊಂಡು ಹೋದದ್ದು ನಿಜ. ಯಾರು ಯಾರನ್ನು ಎಂಬುದನ್ನು ಸೀರೆ ಮುಚ್ಚಿಕೊಂಡಿತು. ಅಂತರಪಟದ ಹಿಂದೆ ಅಕ್ಕಿಯ ಮೇಲೆ ಅವಳನ್ನು ನಿಲ್ಲಿಸಿದಾಗ ಅವಳು ನನ್ನ ಕಡೆ ನೋಡಲೂ ಇಲ್ಲ, ನೋಡಿದ್ದರೆ ನಗು ಬರುತ್ತಿತ್ತೆಂದು ಆಮೇಲೆ ಹೇಳಿದಳು. ಅಕ್ಕ ಕಣ್ಣೊರೆಸಿಕೊಳ್ಳುತ್ತ, "ನೆಲಕ್ಕೆ ಕಾಲು ತಾಗಿಸ್ಲಿಲ್ಲ ನೋಡು ನನ್ನ ತಮ್ಮ" ಎಂದು ಬೀಗಿತ್ತಿಗೆ ಹೇಳುತ್ತಿದ್ದಳು.

ಜೀರಿಗೆ ಬೆಲ್ಲ ಬೀಳುವ ಮೊದಲೇ ಹಿಂದಿನ ಸಾಲಿನಿಂದ ಪಿಳ್ಳಪ್ಪನವರು, "ನೋಡಿದ್ರಾ, ಕೈ ಗುಣ ನೋಡಿದ್ರಾ!" ಎಂದು ಅಕ್ಕಪಕ್ಕದವರಿಗೆಲ್ಲ ಹೆಬ್ಬೆಟ್ಟು ತೋರಿಸಿದರು. ಮಂಟಪದಲ್ಲಿ ಪವಿತ್ರದ ಉಂಗುರ ತೊಟ್ಟು ಧಾರೆಯೆರೆಯಲು ಕೂತಿದ್ದ ಭಾವ ಸುಮ್ಮನಿರಲಾರದೆ, ಅಲ್ಲಿಂದಲೇ ಎರಡೂ ಕೈ ಮೇಲಕ್ಕೆ, ಪಕ್ಕಕ್ಕೆ, ಮುಂದಕ್ಕೆ ಮಾಡಿ ಪಿಳ್ಳಪ್ಪನವರಿಗೆ ಉತ್ತರ ಕೊಟ್ಟರು. ಪುರೋಹಿತರು ಇದು ಯಾವ ಶಾಖೆಯ ಮುದ್ರೆಯೆಂದು ತಿಳಿಯದೆ ಮಂತ್ರ ನಿಲ್ಲಿಸಿದರು. ಆ ವಾದ ಇನ್ನೂ ತೀರ್ಮಾನವಾಗಿಲ್ಲ. ನನ್ನ ಬೆನ್ನನ್ನು ಗುಣಮಾಡಿದ ಕೀರ್ತಿಯನ್ನು ಇಬ್ಬರೂ ಹಂಚಿಕೊಳ್ಳಲು ಒಪ್ಪುವುದಿಲ್ಲ. ಗುಣವಾಗಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಇಬ್ಬರೂ ಮತ್ತೆ ಬರುತ್ತಾರೆ. ಪಿಳ್ಳಪ್ಪನವರ ಹೊಲ ನನ್ನ ಹಲಗೆಯ ಮೇಲೆ ಇನ್ನೂ ಬಂದಿಲ್ಲ. ಬಂದ ದಿನದಿಂದ ನಾನು ಅವರಿಗೆ ಬೆನ್ನು ತೋರಿಸುವುದಿಲ್ಲವೆಂದು ನಿಶ್ಚಯಿಸಿದ್ದೇನೆ.

ಮೊನ್ನೆ ಗೌರಿಹಬ್ಬಕ್ಕೆ ಪದ್ಮ ಮೈಸೂರಿನಿಂದ ಬಂದಿದ್ದಳು. ಕಂಕುಳಲ್ಲಿ ಮಗು. ಅದು ಎಲ್ಲರಂತೆ ತಲೆ ಮುಂದಾಗಿಯೇ ಹುಟ್ಟಿತೆಂದು ಬಸವನಗುಡಿಯ ಹಳೆಯ ಬೆನ್ನುಗಳಿಗೆಲ್ಲ ನಿರಾಸೆ. ಬಾಗಿನ ಕೊಡಲು ನಮ್ಮ ಮನೆಗೆ ಬಂದವಳು, ನಾನು ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿ ಅರ್ಧದಲ್ಲಿ ನಿಲ್ಲಿಸಿದ್ದನ್ನು ನೋಡಿದಳು. ಮಗುವನ್ನು ಅಡುಗೆಮನೆಯಲ್ಲಿ ಕಮಲಳ ಕೈಗೆ ಕೊಟ್ಟು ಬಂದು ಹಾಲಿನ ಬಾಗಿಲು ಹಾಕಿದಳು.

"ಬೋರಲು ಮಲಕ್ಕೋ ಮಾಮ."

"ನೀನು ಸೈನ್ಸ್ ಓದಿದೀಯಲ್ಲೇ. ಇದ್ರಲ್ಲಿ ನಂಬಿಕೆ ಇಲ್ಲ ಅಂದಿದ್ದೆ?"

"ಈಗ್ಲೂ ಇಲ್ಲ. ಪೆಪ್ಪರ್‌ಮಿಂಟ್ ಇಲ್ಲಿಡು ಮೊದ್ಲು."

ಮಗುವಿಗೆಂದು ತಂದಿದ್ದ ಪೊಟ್ಟಣದಿಂದ ಒಂದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಚಾಪೆಯ ಮೇಲೆ ಮಲಗಿದೆ. ಅವಳು ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡು, ಕಿಟಕಿಯ ಸರಳು ಹಿಡಿದು, ನನ್ನ ಎರಡು ಹೆಗಲಿನ ನಡುವೆ ಪಾದವಿಟ್ಟಳು. ಕಾಲುಂಗುರ ತಣ್ಣಗೆ ತಾಗಿತು. ಸ್ವಲ್ಪ ಹೊತ್ತಿಗೆ, "ಹೋಯ್ತಾ ಮಾಮ?" ಎಂದು ಕೇಳಿದಳು.

ನೋವು ಹೋಗಿತ್ತೋ ಇಲ್ಲವೋ, ನಾನು ಗಮನಿಸಿರಲಿಲ್ಲ. "ಇಲ್ಲ, ಇನ್ನೂ ಸ್ವಲ್ಪ ಇದೆ" ಎಂದೆ.